‘ಸರಿ ಅಲ್ವಾ ಮೇಡಂ?’

ಸಿಇಟಿ ಸೀಟು ಹಂಚಿಕೆಯ ದಿನಗಳು ಬಂದರೆ ನನ್ನ ಆಪ್ತಸಲಹೆಯ ಕ್ಲಿನಿಕ್ಕಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರು ಜಾಸ್ತಿ. ಹೋದ ವರ್ಷ ಒಬ್ಬ ಅಪ್ಪ, ಮಗಳು ಬಂದಿದ್ದರು. ಅಪ್ಪ ಎಕ್ಸೆಲ್‌ನಲ್ಲಿ ಹಿಂದಿನ ಮೂರು ವರ್ಷದ ಕಟ್‌ಆಫ್ ರ‍್ಯಾಂಕ್‌ಗಳನ್ನೆಲ್ಲ ತುಂಬಿಸಿ, ಕಾಲೇಜಿಗೊಂದು ಬಣ್ಣ ಬಳಿದಿದ್ದರು. ಆಪ್ಷನ್ ಪಟ್ಟಿಯನ್ನು ಹನ್ನೊಂದು ಸಲ ಹಿಂದೆ ಮುಂದೆ ಮಾಡಿ ಆಗಿತ್ತು. ಮಾಕ್ ಅಲಾಟ್‌ಮೆಂಟ್ ನೋಡಿ ಮತ್ತೊಮ್ಮೆ ಬದಲಿಸಿದ್ದರು. ಈಗ ಮೊದಲ ಸುತ್ತಿನ ಸೀಟು ಬಂದಿತ್ತು. ಚಾಯ್ಸ್ 1 ಒತ್ತಿ ಸೇರಿಬಿಡುವುದಾ? ಚಾಯ್ಸ್ 2 ಒತ್ತಿ, ಇದನ್ನು ಕೈಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವುದಾ? ಹುಡುಗಿಗೆ ನಾಲ್ಕು ರಾತ್ರಿಯಿಂದ ನಿದ್ದೆ ಇಲ್ಲ. ಮನಸ್ಸು ಚಾಯ್ಸ್ 1 ಕಡೆಗೇ ಇತ್ತು.

“ಅದೇ ಸರಿ ಅಲ್ವಾ ಮೇಡಂ?”

“ಗೊತ್ತಿಲ್ಲಮ್ಮ” ಅಂದೆ.

ಅಪ್ಪನ ಮುಖ ನೋಡಬೇಕಿತ್ತು. ಇಷ್ಟು ಕೇಳೋದಕ್ಕೆ ಫೀಸು ಕೊಟ್ಟು ಬರಬೇಕಿತ್ತಾ ಅನ್ನುವ ಹಾಗಿತ್ತು.

ಹದಿನೇಳು ವರ್ಷದಿಂದ ಶಿವಮೊಗ್ಗದಲ್ಲಿ ಕೂತು ಈ ಕೆಲಸ ಮಾಡುತ್ತಿದ್ದೇನೆ. (ಇಲ್ಲಿ ಬರುವವರೆಲ್ಲರ ವಿವರ ಬದಲಿಸಿದ್ದೇನೆ, ನಿಮ್ಮ ಪಕ್ಕದ ಮನೆಯವರನ್ನು ಹುಡುಕಬೇಡಿ.) ಅತಿಯಾಗಿ ಯೋಚಿಸುವವರ ಬಗ್ಗೆ ನನಗೆ ಬೇಸರವಿಲ್ಲ. ಬಹಳಷ್ಟು ಜನ ಒಳ್ಳೆಯವರು, ಜವಾಬ್ದಾರಿ ಇರುವವರು. ನನಗೆ ತಲೆಬಿಸಿ ತರುವುದು ಒಂದೇ ಒಂದು ವಿಷಯ. ಅದು ‘ಸರಿ ಅಲ್ವಾ?’ ಎಂಬ ಪ್ರಶ್ನೆ, ಮತ್ತು ಅದಕ್ಕೆ ಮನೆಯವರೆಲ್ಲ ಸೇರಿ ದಿನಕ್ಕೆ ಇಪ್ಪತ್ತು ಸಲ ಕೊಡುವ ‘ಸರಿ ಇದೆ, ಬಿಡು’ ಎಂಬ ಉತ್ತರ.

ಇದನ್ನು ಎಷ್ಟು ಸಲ ವಿವರಿಸಿದರೂ ಜನ ತಲೆ ಆಡಿಸಿ, ಬಾಗಿಲ ಹತ್ತಿರ ಹೋಗಿ, ತಿರುಗಿ ನಿಂತು, “ಹಾಗಾದರೆ ನಾನು ಮಾಡಿದ್ದು ಸರಿ ತಾನೆ?” ಅನ್ನುತ್ತಾರೆ. ಅದಕ್ಕೇ ಇವತ್ತು ನಿಧಾನವಾಗಿ ಬರೆಯುತ್ತೇನೆ.

ನಿಮಗೊಂದು ಅನುಮಾನ ಬರುತ್ತದೆ. ಎದೆ ಡವಡವ ಅನ್ನುತ್ತದೆ. ಗಂಡನನ್ನೋ ಅಕ್ಕನನ್ನೋ ಕೇಳುತ್ತೀರಿ. ಅವರು ಸರಿ ಇದೆ ಅನ್ನುತ್ತಾರೆ. ಎದೆ ತಣ್ಣಗಾಗುತ್ತದೆ. ಇಲ್ಲೇ ಎಡವಟ್ಟು. ಮನಸ್ಸು ಇಲ್ಲಿ ಕಲಿಯುವುದು ಎರಡು ಪಾಠ. ಒಂದು, ಈ ಅನುಮಾನ ನಿಜಕ್ಕೂ ಅಪಾಯದ್ದು, ಕೇಳಿದ್ದರಿಂದಲೇ ಬಚಾವಾದೆ. ಎರಡು, ಇದನ್ನು ತೀರ್ಮಾನಿಸಲು ನನ್ನ ಒಬ್ಬಳ ಬುದ್ಧಿ ಸಾಲದು. ಅರ್ಧ ಗಂಟೆಗೆ ತಣ್ಣಗಾಗಿದ್ದು ಮತ್ತೆ ಬಿಸಿಯಾಗುತ್ತದೆ. ಮುಂದಿನ ಸಲ ಅನುಮಾನ ಇನ್ನೂ ಬೇಗ ಬರುತ್ತದೆ, ಉತ್ತರ ಇನ್ನೂ ಸ್ವಲ್ಪ ಹೊತ್ತು ಮಾತ್ರ ನಿಲ್ಲುತ್ತದೆ. ಕೆರೆದು ಹುಣ್ಣು ಮಾಡಿಕೊಳ್ಳುವುದು ಅಂತೀವಲ್ಲ, ಅದೇ. ಕೆರೆಯುವಾಗ ಹಿತ ಅನ್ನಿಸುವುದು ಸುಳ್ಳಲ್ಲ. ಹಿತ ಇರುವುದರಿಂದಲೇ ಬಿಡೋದು ಕಷ್ಟ.

“ಹಾಗಾದರೆ ಯಾರನ್ನೂ ಏನೂ ಕೇಳಬಾರದಾ?” ಅಂತ ಸಿಟ್ಟಾಗುವವರಿದ್ದಾರೆ. ಕೇಳಿ. ಧಾರಾಳವಾಗಿ ಕೇಳಿ. ಗೊತ್ತಿಲ್ಲದ್ದನ್ನು ತಿಳಿಯಲು ಕೇಳುವುದು ಬೇರೆ, ಗೊತ್ತಿದ್ದದ್ದನ್ನೇ ಗಾಬರಿ ಇಳಿಸಲು ಕೇಳುವುದು ಬೇರೆ. ಗುರುತು ಹಿಡಿಯುವುದು ಸುಲಭ. ಉತ್ತರ ಸಿಕ್ಕ ಮೇಲೆ ಹೊಸದೇನಾದರೂ ತಿಳಿಯಿತಾ? ಆ ಕಾಲೇಜಿಗೆ ಬಸ್ ಎಷ್ಟು ಹೊತ್ತಿಗಿದೆ, ಫೀಸೆಷ್ಟು, ಇದು ತಿಳಿಯಲು ಕೇಳುವ ಮಾತು. ಮೂರನೇ ಸಲ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಪಡೆದು, ಉಸಿರು ಬಿಟ್ಟರೆ ಅದು ಕೆರೆತ.

ಈಗಂತೂ ಇನ್ನೊಂದು ಸೇರಿಕೊಂಡಿದೆ. ಗಂಡ, ಹೆಂಡತಿ ಆದರೆ ಹತ್ತನೇ ಸಲಕ್ಕೆ ರೇಗುತ್ತಾರೆ. ಚಾಟ್‌ಜಿಪಿಟಿಗೆ ಬೇಸರ ಅನ್ನುವುದೇ ಇಲ್ಲ. ರಾತ್ರಿ ಎರಡು ಗಂಟೆಗೂ ಅಷ್ಟೇ ನಯವಾಗಿ ಉತ್ತರ ಕೊಡುತ್ತದೆ. ಒಬ್ಬ ಹುಡುಗ ಒಂದೇ ಪ್ರಶ್ನೆಯನ್ನು ನಲವತ್ತು ಬಗೆಯಲ್ಲಿ ಕೇಳಿದ್ದನ್ನು ಫೋನಿನಲ್ಲಿ ತೋರಿಸಿದ. ಮನುಷ್ಯರು ರೇಗುವುದರಲ್ಲೂ ಒಂದು ಉಪಕಾರ ಇತ್ತು ಅಂತ ನನಗೆ ಅವತ್ತು ಅನ್ನಿಸಿತು.

ಇನ್ನು ‘ತಲೆ ಕೆಡಿಸ್ಕೋಬೇಡ’ ಎಂಬ ಉಪದೇಶ. ನಮ್ಮ ಕಡೆ ಇದು ಕಾಫಿಯಷ್ಟೇ ಸಲೀಸು. ಪಾಪ, ಹೇಳುವವರ ಮನಸ್ಸು ಒಳ್ಳೆಯದೇ. ಆದರೆ 1987ರಲ್ಲಿ ಮನಃಶಾಸ್ತ್ರಜ್ಞ ಡ್ಯಾನಿಯಲ್ ವೆಗ್ನರ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸಿದ್ದೇ ಬಾರಿಸಿದ್ದು. ಆಮೇಲೆ ನೆನೆಯಬಹುದು ಅಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಯೋಚನೆಯನ್ನು ಕತ್ತು ಹಿಡಿದು ಹೊರಹಾಕಲು ಹೋದರೆ ಹಿತ್ತಲ ಬಾಗಿಲಿನಿಂದ ಬರುತ್ತದೆ.

ಹೊರಹಾಕುವ ಬದಲು ಸಮಯ ಕೊಡಿ ಅನ್ನುತ್ತೇನೆ ನಾನು. ಇದು ನನ್ನ ಬುದ್ಧಿಯಲ್ಲ. ಥಾಮಸ್ ಬೋರ್ಕೊವೆಕ್ ಎಂಬ ಮನಃಶಾಸ್ತ್ರಜ್ಞರ ತಂಡ 1983ರಲ್ಲೇ ಹೇಳಿದ್ದು. ದಿನಾ ಒಂದೇ ಜಾಗ, ಒಂದೇ ಹೊತ್ತು, ಅರ್ಧ ಗಂಟೆ ಚಿಂತೆಗೆ. ಮಿಕ್ಕ ಹೊತ್ತಿನಲ್ಲಿ ಚಿಂತೆ ಬಂದರೆ ‘ಆರೂವರೆಗೆ ಬಾ’ ಅಂತ ಚೀಟಿಯಲ್ಲಿ ಬರೆದಿಟ್ಟು ಕೈಲಿದ್ದ ಕೆಲಸಕ್ಕೆ ಮರಳುವುದು. ಆರೂವರೆಗೆ ಚೀಟಿ ತೆಗೆದರೆ ಅರ್ಧಕ್ಕರ್ಧ ಓದಿ ನಗು ಬರುತ್ತದೆ ಅಂತ ಹಲವರು ಹೇಳಿದ್ದಾರೆ. ಎಲ್ಲರಿಗೂ ಹಿಡಿಸುತ್ತದೆ ಅಂತ ಮಾತು ಕೊಡಲಾರೆ. ಮಲಗುವ ಹೊತ್ತಿನಲ್ಲಿ ಮಾತ್ರ ಬೇಡ.

ಆತ್ಮವಿಶ್ವಾಸದ ಮಾತಿಗೆ ಬರುತ್ತೇನೆ. ಒಬ್ಬ ಬ್ಯಾಂಕ್ ಅಧಿಕಾರಿ ಬರುತ್ತಿದ್ದರು. ಹತ್ತು ವರ್ಷ ಸರ್ವಿಸ್. ಮೇಲಧಿಕಾರಿಗೆ ಎರಡು ಸಾಲಿನ ಮೇಲ್ ಕಳಿಸಲೂ ಮೊದಲು ಗಂಡನಿಗೆ ವಾಟ್ಸ್‌ಆ್ಯಪ್ ಮಾಡಬೇಕು. ಆತ “ಸರಿ ಇದೆ ಕಣೇ” ಅಂದ ಮೇಲೆ ಸೆಂಡ್. ಆತ ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಮಾಡುತ್ತಿದ್ದರು. ಆದರೆ ಪ್ರತಿ ಸಲವೂ ಮೇಲ್ ಚೆನ್ನಾಗಿದ್ದ ಶ್ರೇಯ ಹೋಗಿದ್ದು ಗಂಡನ ಖಾತೆಗೆ. ಈಕೆಯ ಖಾತೆಗೆ ಹತ್ತು ವರ್ಷದಲ್ಲಿ ಏನೂ ಜಮೆ ಆಗಲಿಲ್ಲ. ಬ್ಯಾಂಕಿನವರಿಗೆ ಹೀಗೆ ಹೇಳಿದರೆ ಬೇಗ ಅರ್ಥವಾಗುತ್ತದೆ.

ಅವರಿಗೆ ಕೊಟ್ಟ ಮೊದಲ ಕೆಲಸ, ಒಂದೇ ಸಲ ಓದಿ ಕಳಿಸುವುದು. ಎರಡನೇ ವಾರ, ಸಹೋದ್ಯೋಗಿಗೆ ಬೇಕಂತಲೇ ಒಂದು ಸಣ್ಣ ಕಾಗುಣಿತದ ತಪ್ಪು ಬಿಟ್ಟು ಮೇಲ್ ಕಳಿಸುವುದು. ಲೆಕ್ಕದ ವಿಷಯದಲ್ಲಲ್ಲ, ಸುಮ್ನೆ ‘ಥ್ಯಾಂಕ್ಸ್’ ಎಂಬಲ್ಲಿ. ಎರಡು ರಾತ್ರಿ ಒದ್ದಾಡಿದರು. ಮೂರನೇ ದಿನ ಬಂದಾಗ ಭಯ ಹೋಗಿ ಸಿಟ್ಟು ಬಂದಿತ್ತು. “ಒಬ್ಬರೂ ಗಮನಿಸಲಿಲ್ಲ ಮೇಡಂ. ನಾನು ಇಷ್ಟು ವರ್ಷ ಬರೆದಿದ್ದನ್ನು ಯಾರೂ ಓದೇ ಇಲ್ವಾ?”

ಮನೆಯವರಿಗೂ ಒಂದು ಮಾತು. ನಾಳೆಯಿಂದ ದಿಢೀರನೆ ಬಾಯಿ ಮುಚ್ಚಿಕೊಳ್ಳಬೇಡಿ, ಅದು ಕ್ರೌರ್ಯ. ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಿ. ಪ್ರಶ್ನೆ ಮತ್ತೆ ಬಂದಾಗ, “ಇದಕ್ಕೆ ಉತ್ತರ ನಿಂಗೆ ಗೊತ್ತು. ಗಾಬರಿ ಆಗ್ತಿದೆ ಅಲ್ವಾ? ಬಾ, ಒಂದು ಸುತ್ತು ನಡೆದು ಬರೋಣ” ಅನ್ನಿ. ಉತ್ತರ ಇಲ್ಲ, ಜೊತೆ ಇದೆ. ಮೊದಲ ವಾರ ಗಾಬರಿ ಜಾಸ್ತಿಯೇ ಆಗಬಹುದು. ಹೆದರಬೇಡಿ.

ಕೆಲವು ಕಡೆ ಈ ಲೆಕ್ಕ ನಡೆಯುವುದಿಲ್ಲ. ಬಾಗಿಲ ಚಿಲಕ, ಗ್ಯಾಸ್, ಕೈ ತೊಳೆಯುವುದು ಎಂದು ದಿನಕ್ಕೆ ಗಂಟೆಗಟ್ಟಲೆ ಹೋಗುತ್ತಿದ್ದರೆ ಅದು ಒಸಿಡಿ ಎಂಬ ಗೀಳಿನ ಕಾಯಿಲೆ ಇರಬಹುದು. ಮನೋವೈದ್ಯರಿಗೆ ತೋರಿಸಿ. ಮಾತ್ರೆ, ಚಿಕಿತ್ಸೆ ಎರಡೂ ಇವೆ. ಮನೆಯಲ್ಲೋ ಆಫೀಸಿನಲ್ಲೋ ಯಾರೋ ದಿನಾ ‘ನಿನ್ನ ಕೈಲಿ ಏನಾಗುತ್ತೆ’ ಅಂತ ಹಂಗಿಸುತ್ತಿದ್ದರೆ, ಸರಿಮಾಡಬೇಕಾದ್ದು ನಿಮ್ಮ ಯೋಚನೆಯನ್ನು ಮಾತ್ರ ಅಲ್ಲ. ‘ನಾನು ಇದ್ದೇನು ಪ್ರಯೋಜನ’ ಎಂಬ ಪ್ರಶ್ನೆ ಬಂದರಂತೂ ಅದು ಕೆರೆತವಲ್ಲ. ನೂರು ಸಲ ಬಂದರೂ ನೂರು ಸಲ ಕೂತು ಕೇಳಿ. 14416, ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಮ್ಮೂರ ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ ಇತ್ತು. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ನನ್ನಜ್ಜ ತೋಟ ಕೊಳ್ಳುವ ವಿಷಯಕ್ಕೆ ಕೇಳಿದ್ದರು. ಬಲಕ್ಕೇ ಬಿತ್ತು. ಆದರೂ “ಇನ್ನೊಂದ್ಸಲ ನೋಡೋಣ ಭಟ್ರೇ” ಅಂದರಂತೆ. ಭಟ್ರು ಗರ್ಭಗುಡಿಯಿಂದಲೇ ಗದರಿದರು: “ಒಂದ್ಸಲ ಹೇಳಿದ್ದು ಕೇಳದವನು ಎರಡನೇ ಸಲ ಕೇಳ್ತೀಯೇನೋ? ಏಳು, ಮಂಗಳಾರತಿಗೆ ಹೊತ್ತಾಯ್ತು.” ನನ್ನ ವಿದ್ಯೆಯ ಮುಕ್ಕಾಲು ಪಾಲು ಆ ಭಟ್ರಿಗೆ ಗೊತ್ತಿತ್ತು.

ಅಂದಹಾಗೆ, ಆ ಹುಡುಗಿ ಎರಡು ದಿನ ಬಿಟ್ಟು ಮೆಸೇಜ್ ಮಾಡಿದಳು. “ಚಾಯ್ಸ್ 1 ಒತ್ತಿದೆ. ಸರಿ ಅಲ್ವಾ ಮೇಡಂ?” ನಾನು ‘ಹೌದು’ ಅಂತ ಟೈಪ್ ಮಾಡಿ, ಅಳಿಸಿದೆ. “ಹಾಸ್ಟೆಲ್ ಇದೆಯಾ?” ಅಂತ ಕೇಳಿದೆ. ಇದೆಯಂತೆ. ಊಟ ಚೆನ್ನಾಗಿಲ್ಲ ಅಂತ ಸೀನಿಯರ್‌ಗಳು ಹೇಳಿದರಂತೆ. ಉಪ್ಪಿನಕಾಯಿ ಯಾವುದು ಒಯ್ಯುವುದು, ಮಿಡಿಯದ್ದಾ ನಿಂಬೆಯದ್ದಾ ಅಂತ ಹತ್ತು ನಿಮಿಷ ಮಾತಾಡಿದೆವು.