ಡಯಾಲಿಸಿಸ್ ಮತ್ತು ಹೆಪಟೈಟಿಸ್ ಸಿ: ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಮುಂಚೆ ಒಮ್ಮೆ ಓದಿ

ಪಾಂಡವಪುರದಿಂದ ಮೈಸೂರಿಗೆ ಡಯಾಲಿಸಿಸ್‌ಗೆ ಬರುವ ಅಮ್ಮ ಒಬ್ಬರು ಆಸ್ಪತ್ರೆ ತರಬೇತಿಯ ಪೋಸ್ಟಿಂಗ್‌ನಲ್ಲಿ ನನ್ನನ್ನು ಕೇಳಿದ್ದರು: "ಈ ಮಿಷಿನ್ನಿಂದ ಬ್ಯಾರೆಯವರ ಕಾಯ್ಲೆ ನಂಗೆ ಬರಾಕಿಲ್ವೇನಪ್ಪಾ?" ನಾನು ಸುಮ್ನೆ ತಲೆಯಾಡಿಸಿದೆ. ಆಮೇಲೆ ಕೂತು ಓದಿದ್ದು ಇದು.

ಹೆಪಟೈಟಿಸ್ ಸಿ ಅಂದರೆ ಲಿವರ್‌ಗೆ ತಗಲುವ ವೈರಸ್ ಸೋಂಕು. ಈ ವೈರಸ್ ಹರಡುವುದು ರಕ್ತದಿಂದ ರಕ್ತಕ್ಕೆ. ವಾರಕ್ಕೆ 3 ಸಲ ಡಯಾಲಿಸಿಸ್ ಅಂದರೆ ವರ್ಷಕ್ಕೆ 156 ಸಲ. ಫಿಸ್ಟುಲಾಗೆ (ಡಯಾಲಿಸಿಸ್‌ಗೆಂದು ತೋಳಿನ ರಕ್ತನಾಳಗಳನ್ನು ಜೋಡಿಸಿದ ಜಾಗಕ್ಕೆ) ಪ್ರತಿ ಸಲ 2 ಸೂಜಿ, ಒಟ್ಟು 312. ಇಷ್ಟು ಸಲ ರಕ್ತ ಹೊರಗೆ ಬಂದರೆ ಅಪಾಯ ಜಾಸ್ತಿ ಅಲ್ವಾ?

ಆದರೆ ಅಮ್ಮ ಅನುಮಾನಪಟ್ಟ ಜಾಗದಲ್ಲಿ ಕಳ್ಳ ಇಲ್ಲ. ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಪೊರೆ ಹರಿಯದಿದ್ದರೆ ವೈರಸ್ ಅದನ್ನು ದಾಟಿ ಮಷೀನ್ ಒಳಗೆ ಹೋಗಲಾರದು. ರಂಧ್ರಗಳಿಗಿಂತ ಅದು ಎಷ್ಟೋ ದೊಡ್ಡದು. ಅದು ಓಡಾಡುವುದು ನಮ್ಮ ಕೈ ಮೇಲೆ. ಒಬ್ಬರ ಸೂಜಿ ತೆಗೆದ ಗ್ಲೌಸ್‌ನಲ್ಲೇ ಪಕ್ಕದ ಮಷೀನಿನ ಅಲಾರಂ ಒತ್ತುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನ ಒಂದೇ ಬಾಟಲಿಯಿಂದ ನಾಲ್ಕು ಜನಕ್ಕೆ ಎಳೆಯುತ್ತೇವೆ. ಔಷಧಿ ಟ್ರಾಲಿ ಹಾಸಿಗೆಯಿಂದ ಹಾಸಿಗೆಗೆ ಸುತ್ತುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಒಣಗಿದ್ದರೂ ಅದರಲ್ಲಿ ವೈರಸ್ ಹಲವು ದಿನ ಬದುಕಿರುತ್ತದೆ. ಅದಕ್ಕೇ ಕೆಡಿಗೋ (ಕಿಡ್ನಿ ರೋಗಗಳ ಅಂತಾರಾಷ್ಟ್ರೀಯ ಸಂಸ್ಥೆ) ಮಾರ್ಗಸೂಚಿ ಹೆಪಟೈಟಿಸ್ ಸಿ ಇದ್ದವರಿಗೆ ಬೇರೆ ಮಷೀನ್ ಕಡ್ಡಾಯ ಅನ್ನುವುದಿಲ್ಲ, ಕೈ ಶುದ್ಧಿಗೆ ಒತ್ತು ಕೊಡುತ್ತದೆ. ಹೆಪಟೈಟಿಸ್ ಬಿ ಕಥೆಯೇ ಬೇರೆ, ಅದಕ್ಕೆ ಪ್ರತ್ಯೇಕ ಮಷೀನ್ ಬೇಕು. ವೈವಾದಲ್ಲಿ ಎಡವುವುದು ಇಲ್ಲೇ. 'ಪಾಸಿಟಿವ್ ಮಷೀನ್' ಬೇರೆ ಇಟ್ಟಿದ್ದೇವೆ ಎಂಬ ಧೈರ್ಯದಲ್ಲಿ ಗ್ಲೌಸ್ ಬದಲಿಸುವುದನ್ನು ಮರೆಯುತ್ತೇವೆ ಅನ್ನುವುದು ನನ್ನ ಅನುಮಾನ.

ಇನ್ನು ಟೆಸ್ಟ್. ಡಯಾಲಿಸಿಸ್‌ಗೆ ಸೇರುವಾಗ ಒಮ್ಮೆ, ಆಮೇಲೆ 6 ತಿಂಗಳಿಗೊಮ್ಮೆ. ಆಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಕಾಣಿಸಿಕೊಳ್ಳಲು 2-3 ತಿಂಗಳು ಹಿಡಿಯಬಹುದು. ಕಿಡ್ನಿ ರೋಗಿಗಳಲ್ಲಿ ರೋಗನಿರೋಧಕ ಶಕ್ತಿ ಕಡಿಮೆ, ಹಾಗಾಗಿ ಕೆಲವರಲ್ಲಿ ಅದು ಬರುವುದೇ ಇಲ್ಲ. ಲಿವರ್ ಹಾನಿ ತೋರಿಸುವ ಎಸ್‌ಜಿಪಿಟಿಯೂ ಇವರಲ್ಲಿ ಮೊದಲೇ ಕೆಳಗಿರುತ್ತದೆ, ನಾರ್ಮಲ್ ಅಂತ ನಂಬಬೇಡಿ. ವೈರಸ್ಸನ್ನೇ ನೇರವಾಗಿ ಹುಡುಕುವ ಆರ್‌ಎನ್‌ಎ ಟೆಸ್ಟ್ ಮಾತ್ರ 1-2 ವಾರದಲ್ಲೇ ಹಿಡಿಯುತ್ತದೆ.

ಚಿಕಿತ್ಸೆ ಈಗ ಸುಲಭ. ಮೊದಲು ಇಂಟರ್‌ಫೆರಾನ್ ಇಂಜೆಕ್ಷನ್, ರೋಗಿಗೆ ಸಾಕುಸಾಕಾಗುತ್ತಿತ್ತು. ಈಗ ಸೊಫೋಸ್ಬುವಿರ್-ವೆಲ್ಪಟಾಸ್ವಿರ್ ಮಾತ್ರೆ, ಸಾಮಾನ್ಯವಾಗಿ 12 ವಾರ. ನೂರಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧಿ ಉಚಿತ. ಕೋರ್ಸ್ ಮುಗಿದು 12 ವಾರಕ್ಕೆ ಆರ್‌ಎನ್‌ಎ ಸಿಗದಿದ್ದರೆ ಗುಣ ಅಂತ ಲೆಕ್ಕ.

ಗುಣವಾದ ಮೇಲೂ ಆಂಟಿಬಾಡಿ ಪಾಸಿಟಿವ್ ಆಗಿಯೇ ಉಳಿಯಬಹುದು. ಆದರೆ ಅದು ರಕ್ಷಣೆ ಕೊಡುವುದಿಲ್ಲ, ಸೋಂಕು ಮತ್ತೆ ತಗಲಬಹುದು. ಲಸಿಕೆಯೂ ಇಲ್ಲ. ಹಾಗಾಗಿ ಇಂಥವರಿಗೆ 6 ತಿಂಗಳ ಟೆಸ್ಟ್ ಬರೆಯುವಾಗ ಆರ್‌ಎನ್‌ಎ ಅಂತಲೇ ಬರೆಯಬೇಕು.