ಹಳೇ ಪುಸ್ತಕ ಕಳಿಸೋಣವೇ, ದುಡ್ಡು ಕಳಿಸೋಣವೇ?

ಪ್ರಶ್ನೆ: ನಾವು ಸ್ಕಾಟ್ಲೆಂಡ್‌ನಲ್ಲಿದ್ದೇವೆ. ಮಗಳ ಶಾಲೆಗೆ ಆಫ್ರಿಕಾದ ಮಲಾವಿಯಲ್ಲಿ ಒಂದು ‘ಜೊತೆ ಶಾಲೆ’ ಇದೆ, ಅಂದರೆ ಎರಡೂ ಶಾಲೆಗಳು ಸ್ನೇಹ ಬೆಳೆಸಿಕೊಂಡಿವೆ. ಅದಕ್ಕಾಗಿ ಮಕ್ಕಳೇ ಕೇಕ್ ಮಾರಿ ದುಡ್ಡು ಕೂಡಿಸುತ್ತಾರೆ. ಮನೆಯಲ್ಲಿ ಒಳ್ಳೊಳ್ಳೆ ಪುಸ್ತಕ, ಬಟ್ಟೆ ಸುಮ್ನೆ ಬಿದ್ದಿವೆ. ಅವನ್ನೇ ಕಳಿಸಿದರೆ ಆಗಲ್ವಾ?

ಉತ್ತರ: ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವುದು ಸಹಜ. ಓದಿದ ಪುಸ್ತಕವನ್ನು ರದ್ದಿಗೆ ಹಾಕಲು ನಮಗ್ಯಾರಿಗೂ ಕೈ ಬರಲ್ಲ. ಆದರೂ ನಾನು ಹೇಳುವುದು, ದುಡ್ಡೇ ಕಳಿಸಿ. ಅದಕ್ಕೂ ಮೊದಲು ಏನು ಬೇಕು ಅಂತ ಆ ಶಾಲೆಯವರನ್ನೇ ಕೇಳಿ.

ಒಮ್ಮೆ ನಕ್ಷೆ ತೆಗೆದು ನೋಡಿ. ಮಲಾವಿಗೆ ಕಡಲಿಲ್ಲ. ಹಡಗಿನಲ್ಲಿ ಹೋದ ಸಾಮಾನು ಮೊಜಾಂಬಿಕ್‌ನ ಬೈರಾ, ನಕಾಲಾದಲ್ಲೋ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲೋ ಇಳಿಯಬೇಕು. ಆಮೇಲೆ ಲಾರಿ, ಗಡಿ, ಕಸ್ಟಮ್ಸ್, ಮತ್ತೆ ಲಾರಿ. ನಮ್ಮ ಮಗನ ಶಾಲೆಯಲ್ಲಿ ಒಂದು ವರ್ಷ ಪೆಟ್ಟಿಗೆಗಟ್ಟಲೆ ಪುಸ್ತಕ ಬಂತು. ಸಾಗಣೆ ಖರ್ಚು ಎಷ್ಟೆಂದು ಗೊತ್ತಾದ ಮೇಲೆ ಅಷ್ಟೂ ಮೆಟ್ಟಿಲ ಕೆಳಗೇ ಉಳಿಯಿತು. ಮೇಲಿದ್ದ ಪೆಟ್ಟಿಗೆ ತೆಗೆದು ನೋಡಿದೆ. ಹಿಮದ ಬೊಂಬೆಯ ಕಥೆ, ಲಂಡನ್ ರೈಲಿನ ಕಥೆ. ಮಲಾವಿಯ ಚಿಕ್ಕ ತರಗತಿಗಳಲ್ಲಿ ಪಾಠ ನಡೆಯುವುದು ಹೆಚ್ಚಾಗಿ ಚಿಚೆವಾ ಭಾಷೆಯಲ್ಲಿ. ಈ ಪುಸ್ತಕ ಹಿಡಿದು ಅಲ್ಲಿನ ಮೇಷ್ಟ್ರು ಏನು ಮಾಡಬೇಕು ಹೇಳಿ? ಬಟ್ಟೆಯ ಕಥೆಯೂ ಅಷ್ಟೇ. ಹೊರದೇಶದ ಹಳೇ ಬಟ್ಟೆ ಅಲ್ಲಿನ ಸಂತೆಗಳಲ್ಲಿ ರಾಶಿ ರಾಶಿ ಸಿಗುತ್ತದೆ. ಅದಕ್ಕೆ ಕೌಂಜಿಕಾ ಅಂತ ಹೆಸರೇ ಇದೆ.

ಕೇಳಿದರೆ ಅವರು ಹೇಳುವುದು ಬೇರೆಯೇ ಇರುತ್ತದೆ. 1994ರಲ್ಲಿ ಮಲಾವಿ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿತು. ಸುಮಾರು 19 ಲಕ್ಷವಿದ್ದ ಮಕ್ಕಳ ಸಂಖ್ಯೆ ಒಂದೇ ವರ್ಷದಲ್ಲಿ 30 ಲಕ್ಷದ ಹತ್ತಿರ ಹೋಯಿತು. ಕೋಣೆ, ಬೆಂಚು, ಮೇಷ್ಟ್ರು ಅಷ್ಟು ಬೇಗ ಹೆಚ್ಚಾಗುತ್ತಾರಾ? ಹಾಗಾಗಿ ಬೆಂಚು ಬೇಕು, ಶೌಚಾಲಯ ಬೇಕು, ಬೋರ್‌ವೆಲ್ ರಿಪೇರಿ ಆಗಬೇಕು ಅನ್ನಬಹುದು. ಬೆಂಚಿಗೆ ದುಡ್ಡು ಕೊಟ್ಟರೆ ಅದೇ ಊರಿನ ಬಡಗಿಗೆ ಕೆಲಸ ಸಿಗುತ್ತದೆ. ಗಂಜಿ ಬೇಕು ಅಂತಲೂ ಹೇಳಬಹುದು. ಮೆಕ್ಕೆಜೋಳ, ಸೋಯಾ ಹಿಟ್ಟಿನ ಆ ಗಂಜಿಗೆ ಲಿಕುನಿ ಫಾಲಾ ಅನ್ನುತ್ತಾರೆ. ಸ್ಕಾಟ್ಲೆಂಡ್‌ನ ಮೇರೀಸ್ ಮೀಲ್ಸ್ ಸಂಸ್ಥೆ 2002ರಲ್ಲಿ ಮಲಾವಿಯ 200 ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡುವುದರಿಂದಲೇ ಶುರುವಾಗಿದ್ದು. ನಮ್ಮ ಬಿಸಿಯೂಟ ನೋಡಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದುಡ್ಡು ಕೂಡಿಸುವ ವಿಷಯ. ಇದನ್ನು ಮಕ್ಕಳ ಕೈಗೇ ಬಿಡಿ. ಮೊನ್ನೆಯ ಕೇಕ್ ಮಾರಾಟದಲ್ಲಿ ಒಬ್ಬ ಹುಡುಗಿ ಚಿಲ್ಲರೆಯನ್ನು ಮೇಜಿನ ಮೇಲೆ ಸುರಿದು, ಹತ್ತತ್ತು ನಾಣ್ಯದ ಗೋಪುರ ಕಟ್ಟಿ, ಮೂರು ಸಲ ಎಣಿಸಿ ಪುಸ್ತಕದಲ್ಲಿ ಬರೆದಳು. ಆ ಲೆಕ್ಕಕ್ಕೆ ದೊಡ್ಡವರು ಕೈ ಹಾಕಬೇಕಾಗಿರಲಿಲ್ಲ. ನಾವು ನೋಡಿಕೊಳ್ಳಬೇಕಾದದ್ದು ತಿಂಡಿ. ನಿಪ್ಪಟ್ಟಿನಲ್ಲಿ ಕಡಲೆಬೀಜ ಇರುತ್ತದೆ, ಅಲ್ವಾ? ಇಲ್ಲಿನ ಬಹಳಷ್ಟು ಶಾಲೆಗಳು ಅದನ್ನು ಒಳಗೇ ಬಿಡಲ್ಲ. ಚಕ್ಕುಲಿ ಮಾಡಿ, ಏನೇನು ಹಾಕಿದ್ದೀರಿ ಅಂತ ಚೀಟಿ ಅಂಟಿಸಿ. ಎಳ್ಳನ್ನೂ ಬರೆಯಿರಿ, ಅದೂ ಅಲರ್ಜಿ ಪಟ್ಟಿಯಲ್ಲಿದೆ.

ಸ್ಪಾನ್ಸರ್ ಹಿಡಿದು ಮಾಡುವ ನಡಿಗೆಗೆ, ಅಂದರೆ ಮಕ್ಕಳು ನಡೆದರೆ ದುಡ್ಡು ಕೊಡುತ್ತೇವೆ ಅಂತ ಜನರಿಂದ ಒಪ್ಪಿಸಿಕೊಂಡು ಮಾಡುವ ನಡಿಗೆಗೆ, ಇನ್ನೊಂದು ಲಾಭ ಇದೆ. ದುಡ್ಡು ನೋಂದಾಯಿತ ಚಾರಿಟಿಗೆ ಹೋಗುತ್ತಿದ್ದು, ಕೊಡುವವರು ಬ್ರಿಟನ್‌ನಲ್ಲಿ ತೆರಿಗೆ ಕಟ್ಟುವವರಾದರೆ, ಗಿಫ್ಟ್ ಏಡ್ ಎಂಬ ಸರ್ಕಾರಿ ತೆರಿಗೆ ಯೋಜನೆಯಿಂದ ಪ್ರತಿ ಪೌಂಡಿಗೆ 25 ಪೆನ್ಸ್ ಸೇರುತ್ತದೆ. ಕೇಕ್ ಮಾರಿದ ದುಡ್ಡಿಗೆ ಇದು ಸಿಗಲ್ಲ, ಯಾಕೆಂದರೆ ಅದು ವ್ಯಾಪಾರ.

ಕಳಿಸುವಾಗ ಆಗಾಗ ಚೂರುಚೂರು ಕಳಿಸಬೇಡಿ. ಪ್ರತಿ ಸಲ ಬ್ಯಾಂಕ್ ಫೀಸು ಕಡಿತವಾಗುತ್ತದೆ. ಯಾರೊಬ್ಬರ ಸ್ವಂತ ಖಾತೆಗೂ ಹಾಕಬೇಡಿ. ಶಾಲಾ ಸಮಿತಿಯ ಖಾತೆಗೆ, ಇಬ್ಬರ ಸಹಿ ಬೇಕಾಗುವಂಥದ್ದಕ್ಕೆ ಹಾಕಿ. ರಸೀದಿ ತರಿಸಿಕೊಂಡು ಮಕ್ಕಳಿಗೇ ತೋರಿಸಿ.

ಜೊತೆ ಶಾಲೆ ಕರ್ನಾಟಕದಲ್ಲಿದ್ದರೆ ಎಂದು ಕೆಲವರು ಕೇಳುತ್ತಾರೆ. ಆಗ ದಾರಿ ಸ್ವಲ್ಪ ಬಿಗಿ. ನೀವು ಭಾರತದ ಪೌರರಾಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಇಲ್ಲಿನ ಶಾಲೆ ಕೂಡಿಸಿದ ದುಡ್ಡು ವಿದೇಶಿ ದೇಣಿಗೆಯೇ. ಅದನ್ನು ತೆಗೆದುಕೊಳ್ಳುವ ಟ್ರಸ್ಟಿಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಮುಂಚಿನ ಅನುಮತಿ ಇರಬೇಕು. ದುಡ್ಡು ಮೊದಲು ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ಮಕ್ಕಳು ಕೇಕ್ ಮಾಡುವ ಮೊದಲೇ ಇದನ್ನೆಲ್ಲ ವಿಚಾರಿಸಿ.

ನಿಮ್ಮ ಮಗಳ ಶಾಲೆಗೆ ಒಂದು ಮಾತು. ಮಲಾವಿಯಲ್ಲಿ ಹಳೇ ಮೆಕ್ಕೆಜೋಳ ಮುಗಿದು ಹೊಸ ಬೆಳೆ ಬರುವ ತನಕ, ಅಂದರೆ ಸುಮಾರು ಡಿಸೆಂಬರಿನಿಂದ ಮಾರ್ಚ್‌ವರೆಗೆ, ಮನೆಗಳಲ್ಲಿ ಊಟಕ್ಕೆ ಕಷ್ಟ. ಅವರು ಗಂಜಿಗೆ ದುಡ್ಡು ಕೇಳಿದ್ದರೆ ಜೂನ್‌ವರೆಗೆ ಕಾಯಬೇಡಿ, ಮಾರಾಟವನ್ನು ಅಕ್ಟೋಬರಿನಲ್ಲೇ ಇಟ್ಟುಕೊಳ್ಳಿ.