ಪೇಂಟಿನೊಳಗೆ ಸಿಕ್ಕಿಬಿದ್ದ ನೀರು

ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲಕ್ಕೆ ಮುಂಚೆ ಗೃಹಪ್ರವೇಶ ಮುಗಿಸಬೇಕೆಂಬ ಅವಸರ ಎಲ್ಲರಿಗೂ. ಗಾರೆ ಕೆಲಸದ ಬೆನ್ನಿಗೇ ಪುಟ್ಟಿ, ಪೇಂಟು, ವಾರ್ಡ್‌ರೋಬು. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಆಗಸ್ಟ್ ಹೊತ್ತಿಗೆ ವಾರ್ಡ್‌ರೋಬಿನ ಹಿಂದೆ ಹಸಿರು-ಬೂದು ಬಣ್ಣದ ಬೂಷ್ಟು. ಮನೆಯವರು ಕಂಟ್ರಾಕ್ಟರನ್ನು ಬೈಯುತ್ತಾರೆ, ಕಂಟ್ರಾಕ್ಟರ್ ತಪ್ಪನ್ನು ಪೇಂಟಿನ ಮೇಲೆ ಹಾಕುತ್ತಾನೆ. ನೀರಿನ ಲೆಕ್ಕ ಯಾರೂ ತೆಗೆಯುವುದಿಲ್ಲ.

50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು ಬೆರೆಸಿದರೆ, ಸಿಮೆಂಟಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದು ಹೆಚ್ಚುಕಡಿಮೆ ಅರ್ಧ ಮಾತ್ರ. ಉಳಿದದ್ದು ಸೂಕ್ಷ್ಮ ರಂಧ್ರಗಳಲ್ಲಿ ಕೂರುತ್ತದೆ. ಅದರಲ್ಲಿ ಬಹುಪಾಲು ನಿಧಾನವಾಗಿ ಆವಿಯಾಗಿ ಹೊರಬರಬೇಕು; ಅದಕ್ಕೆ ಮೊದಲೇ ಪೇಂಟು ಬಳಿದರೆ ಒಳಗೇ ಸಿಕ್ಕಿಬೀಳುತ್ತದೆ. ಕೆಲಸ ಸಲೀಸಾಗಲೆಂದು ಮೇಸ್ತ್ರಿ ಸುರಿಯುವ ಇನ್ನೊಂದು ಕೊಡ, ಗಾರೆ ಗಟ್ಟಿಯಾಗಲೆಂದು ಹಾಯಿಸುವ ಕ್ಯೂರಿಂಗಿನ ನೀರು ಇವೆಲ್ಲ ಲೆಕ್ಕಕ್ಕೆ ಹೊರಗೆ. ಒಳ್ಳೆಯ ಒಣಹವೆಯಲ್ಲೂ ಕಾಂಕ್ರೀಟು ಒಣಗುವ ವೇಗ ಸ್ಥೂಲವಾಗಿ ತಿಂಗಳಿಗೆ ಒಂದಿಂಚು ದಪ್ಪ. ಜುಲೈನ ಮಂಗಳೂರಿನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ಕಿಟಕಿ ತೆರೆದಿಟ್ಟು ಏನೂ ಪ್ರಯೋಜನವಿಲ್ಲ.

ಬೂಷ್ಟು ಸಿಮೆಂಟನ್ನು ತಿನ್ನುವುದಿಲ್ಲ. ಹಸಿ ಗಾರೆಯ ಪಿಎಚ್ 12ಕ್ಕೂ ಹೆಚ್ಚು, ಅಷ್ಟು ಕ್ಷಾರದಲ್ಲಿ ಅದಕ್ಕೆ ಬೆಳೆಯಲಾಗದು. ಅದರ ಆಹಾರ ಗೋಡೆಯ ಮೇಲಿನ ಧೂಳು, ಪ್ಲೈವುಡ್ಡು, ಜಿಪ್ಸಮ್ ಬೋರ್ಡಿನ ಕಾಗದ, ಅನೇಕ ಎಮಲ್ಷನ್ ಪೇಂಟುಗಳಲ್ಲಿ ಮಂದತೆಗೆಂದು ಬೆರೆಸುವ ಸೆಲ್ಯುಲೋಸ್. ಬೀಜಕಣಗಳಂತೂ ಗಾಳಿಯಲ್ಲಿ ಸದಾ ಇರುತ್ತವೆ. ಆಸ್ಪರ್ಜಿಲಸ್, ಪೆನಿಸಿಲಿಯಂ ಜಾತಿಯ ಬೂಷ್ಟುಗಳಿಗೆ ನೀರು ಹನಿಯಬೇಕೆಂದೂ ಇಲ್ಲ: ಗೋಡೆಗೆ ಅಂಟಿದಂತಿರುವ ಗಾಳಿಯ ಸಾಪೇಕ್ಷ ತೇವಾಂಶ ಕೆಲವು ವಾರ ಶೇ. 80ರ ಆಸುಪಾಸು ನಿಂತರೆ ಸಾಕು. ಹೊರಗೋಡೆಗೆ ಒತ್ತಿ ನಿಲ್ಲಿಸಿದ ವಾರ್ಡ್‌ರೋಬಿನ ಹಿಂದೆ ಗಾಳಿಯಾಡುವುದಿಲ್ಲ, ಗೋಡೆಯೂ ತುಸು ತಣ್ಣಗೆ. ಮೊದಲು ಅಲ್ಲೇ ಹಿಡಿಯುವುದು ಅದಕ್ಕೇ.

ಈಗ ಹೊಸ ಮನೆಗಳಿಗೆ ಬೂಷ್ಟು ತಡೆಯುವ ಟ್ರೀಟ್‌ಮೆಂಟ್ ಮಾಡಿಕೊಡುವವರಿದ್ದಾರೆ. ಮರಕ್ಕೆ ಬೋರೇಟ್ ಲವಣ, ಗೋಡೆಗೆ ಬೂಷ್ಟು ಕೊಲ್ಲುವ ಕ್ವಾಟರ್ನರಿ ಅಮೋನಿಯಂ ದ್ರಾವಣ, ಮೇಲೆ ಶಿಲೀಂಧ್ರನಾಶಕ ಸೇರಿದ ಪೇಂಟು. ಇವು ಕೆಲಸ ಮಾಡುತ್ತವೆ, ಆದರೆ ಒಣ ಗೋಡೆಯ ಮೇಲೆ. ಬೋರೇಟ್ ನೀರಿನಲ್ಲಿ ಕರಗುವಂಥದ್ದು, ಸೋರುವ ಕಡೆ ತೊಳೆದುಹೋಗುತ್ತದೆ. ಪೇಂಟಿನೊಳಗಿನ ಔಷಧವೂ ಕಾಲಕ್ರಮೇಣ ಕರಗಿ ಕಡಿಮೆಯಾಗುತ್ತದೆ. ಬಲ್ಲವನು ಸ್ಪ್ರೇ ಪಂಪು ಇಳಿಸುವ ಮುನ್ನ ತೇವಾಂಶದ ಮೀಟರ್ ತೆಗೆಯುತ್ತಾನೆ, ಬಾತ್‌ರೂಮಿನ ಪೈಪು, ಸಜ್ಜಾ, ಪ್ಯಾರಪೆಟ್ಟು ನೋಡುತ್ತಾನೆ. ಬಂದವನೇ ಸಿಂಪಡಿಸಿ ಐದು ವರ್ಷದ ಗ್ಯಾರಂಟಿ ಬರೆದುಕೊಟ್ಟರೆ ನನಗಂತೂ ಅನುಮಾನವೇ.

ಮೀಟರ್ ಇಲ್ಲದವರು ಪೇಂಟಿಗೆ ಮೊದಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಬಹುದು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಅಷ್ಟು ಜಾಗದ ಗಾರೆ ಕಪ್ಪಾಗಿದ್ದರೆ, ಪೇಂಟರಿಗೆ ಸದ್ಯ ಬರಬೇಡವೆಂದು ಹೇಳಿ. ಮುಹೂರ್ತ ಮುಂದೂಡಲಾಗದಿದ್ದರೆ ಸುಣ್ಣ ಬಳಿದು ಒಕ್ಕಲಾಗಿ: ಸುಣ್ಣದ ಮೂಲಕ ಆವಿ ಹಾಯುತ್ತದೆ, ಅದರ ಕ್ಷಾರ ಬೂಷ್ಟಿಗೆ ಆಗಿಬರುವುದಿಲ್ಲ. ಎಮಲ್ಷನ್ನು ಮುಂದಿನ ಬೇಸಿಗೆಗೆ ಇರಲಿ.